ಬಿದಿರೆ ಸುತ್ತಿನ ಕೊನೆಯ ಬಸದಿ

ಗರ್ಭಗುಡಿಯಲ್ಲಿ ದೇವರಿರಲಿಲ್ಲ.

ಬಸದಿಯ ಪುರೋಹಿತ ಸಂಪತ್‌ಕುಮಾರ ಇಂದ್ರರು ಬಾಗಿಲು ತೆರೆದು, ದೀಪದ ಕುಡಿ ಏರಿಸಿ, ಎಂದಿನಂತೆ ಪಕ್ಕಕ್ಕೆ ಸರಿದು ನಿಂತರು. ಸರಸ ಎಂದಿನಂತೆ ಕೈ ಚಾಚಿದಳು. "ಒಂದು ಗೇಣು ಎತ್ತರದ ಕಂಚಿನ ಪಾರ್ಶ್ವನಾಥ. ತಲೆಯ ಮೇಲೆ ಏಳು ಹೆಡೆ..." ಅಷ್ಟಕ್ಕೇ ಮಾತು ನಿಂತುಹೋಯಿತು. ತೋರಿಸಬೇಕಾದ ಜಾಗದಲ್ಲಿ ಬರೀ ಕಲ್ಲು ಇತ್ತು.

ಬಸದಿ ನೋಡಲು ಬಂದಿದ್ದ ಐದು ಮಂದಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಇಂದ್ರರ ಕೈಯಲ್ಲಿದ್ದ ಬೀಗದ ಕೈ ನೆಲಕ್ಕೆ ಬಿತ್ತು.

ಅದು ೧೯೬೧ರ ಏಪ್ರಿಲ್ ತಿಂಗಳ ಒಂದು ಗುರುವಾರ, ಮಧ್ಯಾಹ್ನ ಮೂರು ಗಂಟೆ. ಮೂಡುಬಿದಿರೆಯ ಬಸ್ ಸ್ಟ್ಯಾಂಡಿನಲ್ಲಿ ಇಳಿದ ಪರವೂರಿನವರಿಗೆ ಎದುರಿಗೇ ಒಂದು ತಗಡಿನ ಬೋರ್ಡು ಕಾಣುತ್ತಿತ್ತು: 'ಬಿದಿರೆ ಸುತ್ತು. ನಡೆದು ನೋಡಿ.' ಸರಸಳ ಗಂಡ ಶೇಖರ ಮಾಸ್ಟ್ರು ರಜೆಯಲ್ಲಿ ಶೋಕಿಗೆಂದು ಊರು ತೋರಿಸುತ್ತಿದ್ದರು. ಅವರು ತೀರಿಕೊಂಡ ಮೇಲೆ ಸರಸ ಅದನ್ನೇ ಕಸುಬು ಮಾಡಿಕೊಂಡಳು. ಬೆಳಿಗ್ಗೆ ಒಂದು ಸುತ್ತು, ಮಧ್ಯಾಹ್ನ ಒಂದು ಸುತ್ತು. ಬಂಟರ ಮನೆಯ ಹೆಂಗಸು ಕೊಡೆ ಹಿಡಿದು ಬೀದಿ ಬೀದಿ ಅಲೆಯುವುದೇ ಎಂದು ಮೂಗು ಮುರಿದವರು ನಾಲ್ಕು ವರ್ಷದಲ್ಲಿ ಮುರಿದು ಮುರಿದು ಸುಸ್ತಾಗಿದ್ದರು. ಸುತ್ತಿನ ಕೊನೆಯ ನಿಲ್ದಾಣ ಈ ಸಂಪಿಗೆ ಬಸದಿ. ಚಿಕ್ಕದು, ಊರ ಅಂಚಿನದು.

ಗುಂಪಿನಲ್ಲಿದ್ದ ಮುದುಕಿಯೊಬ್ಬರಿಗೆ ಗಾಬರಿಗೆ ತಲೆ ತಿರುಗಿತು. ಇಂದ್ರರು ನೀರು ತರಲು ಹಿಂಬದಿಯ ಬಾವಿಗೆ ಓಡಿದರು. ಸರಸ ಹಿಂದೆಯೇ ಹೋದಳು. ಹಗ್ಗ ಆಗಲೇ ಒದ್ದೆಯಾಗಿತ್ತು, ಬಾವಿಕಟ್ಟೆಯ ಕಲ್ಲೂ ಒದ್ದೆ. ಕಣ್ಣಿಗೆ ಬಿತ್ತು, ತಲೆಗೆ ಹೋಗಲಿಲ್ಲ. ದೇವರು ಹೋಗಿರುವಾಗ ಹಗ್ಗ ಯಾರಿಗೆ ಬೇಕು?

ಒಳಗೆ ಬಂದು ಮತ್ತೆ ನೋಡಿದಳು. ದೇವರ ಮೇಲೆ ತೂಗುವ ಬೆಳ್ಳಿಯ ಮುಕ್ಕೊಡೆ ಅಲ್ಲೇ ಇತ್ತು. ಬಾಗಿಲೆದುರಿನ ರಂಗೋಲಿ ಎಲ್ಲಿಯೂ ತುಳಿದಿರಲಿಲ್ಲ. ಅದರ ಮೇಲೆ ಮಾತ್ರ ಅಲ್ಲಲ್ಲಿ ಸಣ್ಣ ಗುಳಿ, ಹನಿ ಬಿದ್ದ ಹಾಗೆ. ಬೆಳಿಗ್ಗೆ ದೇವರ ತಲೆಯ ಮೇಲಿದ್ದ ಕೆಂಪು ದಾಸವಾಳ ನಿರ್ಮಾಲ್ಯದ ಬುಟ್ಟಿಯಲ್ಲಿತ್ತು.

ಅಷ್ಟರಲ್ಲಿ ಬಸದಿಯ ಆಡಳಿತ ನೋಡುವ ಮೊಕ್ತೇಸರ ಪುಷ್ಪರಾಜರು ಬಂದರು.

"ಹೇಳಿದ್ದೆ!" ಪುಷ್ಪರಾಜರ ಧ್ವನಿ ಬಸದಿಯ ಮಾಡು ಹಾರಿಸುವ ಹಾಗಿತ್ತು. "ಬೀದಿಯಲ್ಲಿ ಹೋಗುವವರಿಗೆಲ್ಲ ದೇವರನ್ನು ತೋರಿಸ್ಬೇಡಿ ಅಂತ ನೂರು ಸಲ ಹೇಳಿದ್ದೆ. ಈಗ ನೋಡಿ. ತೋರಿಸಿದ್ದು ಸಾಕಾಯ್ತಲ್ಲ?"

"ಪುಷ್ಪರಾಜಣ್ಣ, ನಾನು ತೋರಿಸಿದ್ದು ನೋಡ್ಲಿಕ್ಕೆ. ಕದಿಲಿಕ್ಕೆ ಅಲ್ಲ."

"ಇವತ್ತಿನಿಂದ ನಿಮ್ಮ ಸುತ್ತು ಈ ಅಂಗಳಕ್ಕೆ ಬರಬಾರದು. ಎಲ್ಲ ಬಸದಿಯವರಿಗೂ ಹೇಳಿ ಕಳಿಸ್ತೇನೆ." ನಂತರ ಅವರ ಕಣ್ಣು ಹೊರಗೆ, ಸಂಪಿಗೆ ಮರದ ಬುಡಕ್ಕೆ ಹೋಯಿತು. "ಅಲ್ಲಿ ಕಾರು ಯಾರದ್ದು?"

ಕಾರು ಅಬ್ದುಲ್ ರವೂಫನದು. ಹಳೆಯ ಆಸ್ಟಿನ್. ಕಾರ್ಕಳ, ಮಂಗಳೂರಿನಿಂದ ಸರಸಳ ಸುತ್ತಿಗೆ ಜನ ತರುವವನು ಅವನು. ನಾಲ್ಕು ವರ್ಷದಲ್ಲಿ ಬಸದಿಯ ಮೆಟ್ಟಿಲು ಏರಿದವನಲ್ಲ. ಬೆಳಿಗ್ಗೆ ಹತ್ತಕ್ಕೆ ಜನರನ್ನು ಇಲ್ಲಿ ತಂದು ಬಿಟ್ಟವನು ಮೂರು ಗಂಟೆಯವರೆಗೆ ಮರದ ನೆರಳಲ್ಲಿ ಕಾರಿನೊಳಗೆ ನಿದ್ದೆ ಹೊಡೆದಿದ್ದ. ಹಾಗೆಂದು ಅವನೇ ಹೇಳಿದ.

"ಮೂರರವರೆಗೆ ಇಲ್ಲೇ ಇದ್ದದ್ದು ನೀನೊಬ್ಬನೇ?" ದಫೇದಾರ ತುಕ್ರಪ್ಪ ಬಂದವನೇ ಕೇಳಿದ.

"ಹೌದು ಸ್ವಾಮಿ. ನಿದ್ದೆಯಲ್ಲಿದ್ದೆ."

"ನಿದ್ದೆಯಾ? ನಡಿ."

ಕಾರಿನ ಸೀಟು ಹರಿದು ನೋಡಿದರು. ತೆಂಗಿನ ನಾರು ಹೊರಗೆ ಬಂತು, ದೇವರು ಬರಲಿಲ್ಲ. ಆದರೂ ಕೋಳ ಬಿತ್ತು. ಜೈನಪೇಟೆಯ ಉದ್ದಕ್ಕೂ, ಬಸ್ ಸ್ಟ್ಯಾಂಡು ಹಾದು, ಠಾಣೆಯವರೆಗೆ ಅವನನ್ನು ನಡೆಸಿಕೊಂಡು ಹೋದರು. ಕ್ಷೌರದಂಗಡಿಯ ಎದುರು ಯಾರೋ ಉಗುಳಿದರು. ರವೂಫನ ಎರಡೂ ಕೈ ಕೋಳದಲ್ಲಿದ್ದವು, ಒರೆಸಿಕೊಳ್ಳಲಾಗಲಿಲ್ಲ. ಹಿಂದೆ ಬರುತ್ತಿದ್ದ ಸರಸ ತನ್ನ ಸೆರಗಿನಿಂದ ಒರೆಸಿದಳು. ಅವಳ ಮೈಯೆಲ್ಲ ಉರಿಯುತ್ತಿತ್ತು.

* * *

"ಬೀಗ ಒಡೆದಿಲ್ಲ ದಫೇದಾರ್ರೇ," ಠಾಣೆಯಲ್ಲಿ ಸರಸ ಹೇಳಿದಳು.

"ಬೀಗದ ಕೈ ಇಂದ್ರರ ಜಗಲಿಯ ಮೊಳೆಯಲ್ಲಿ ನೇತಾಡ್ತದೆ. ಅದು ಇವನಿಗೂ ಗೊತ್ತು."

"ಇಡೀ ಬಿದಿರೆಗೆ ಗೊತ್ತು."

"ಇಡೀ ಬಿದಿರೆ ಮರದಡಿ ಮಲಗಿರಲಿಲ್ಲ ಅಕ್ಕ. ಇಂದ್ರರು ಹತ್ತೂವರೆಗೆ ಬೀಗ ಹಾಕಿ ಪೂಜೆಗೆ ಅಂತ ಪಕ್ಕದ ಊರಿಗೆ, ಅಲಂಗಾರಿಗೆ ಹೋದ್ರು. ಇಪ್ಪತ್ತು ಜನ ನೋಡಿದ್ದಾರೆ. ಮೂರಕ್ಕೆ ನಿಮ್ಮೆದುರೇ ಬಂದ್ರು. ನಡುವೆ ಇದ್ದದ್ದು ಯಾರು? ಶನಿವಾರ ಮಧ್ಯಾಹ್ನ ಕಾರ್ಕಳದ ಕೋರ್ಟಿಗೆ ಕಳಿಸ್ತೇನೆ. ಅಷ್ಟರೊಳಗೆ ಬಾಯಿ ಬಿಡ್ತಾನೆ."

ಹೇಗೆ ಬಾಯಿ ಬಿಡಿಸುತ್ತಾರೆಂದು ಸರಸ ಕೇಳಬೇಕಾಗಿರಲಿಲ್ಲ. ಒಳಗಿಂದ ಒಂದು ಏಟಿನ ಸದ್ದು ಕೇಳಿಸಿತು.

ಠಾಣೆಯ ಹೊರಗೆ ರವೂಫನ ತಾಯಿ ಐಸಮ್ಮ ನಿಂತಿದ್ದಳು. ಅಳುತ್ತಿರಲಿಲ್ಲ.

"ಸರಸಕ್ಕ, ಬಸದಿ ನಿಮ್ಮ ಊರಿನದ್ದು. ಜನ ನಿಮ್ಮವರು. ನನ್ನ ಮಗ ಹೊರಗೆ ಕೂತವ. ಹೊರಗೆ ಕೂತವನನ್ನೇ ಒಳಗೆ ಹಾಕಿದ್ರಲ್ಲ?"

ಸರಸ ಅವಳ ಕೈ ಹಿಡಿಯಲು ಹೋದಳು.

"ಕೆಲಸಕ್ಕೆ ಕರೆದದ್ದು ನೀವು. ಬಿಡಿಸಿ ತರಬೇಕಾದ್ದೂ ನೀವು," ಎಂದಳು ಐಸಮ್ಮ.

* * *

ಸರಸಳ ಮನಸ್ಸಿನಲ್ಲಿ ಒಬ್ಬನಿದ್ದ. ಬೆಂಗಳೂರಿನ ಕ್ಯಾಮೆರಾದವನು.

ಗುರುವಾರ ಬೆಳಗಿನ ಸುತ್ತಿಗೆ ಬಂದಿದ್ದ. ಸೊಂಟದ ಚರ್ಮದ ಬೆಲ್ಟು ಬಿಚ್ಚದೆ ಒಳಗೆ ಹೋಗುವಂತಿಲ್ಲ ಎಂದದ್ದಕ್ಕೆ ಮುಖ ದಪ್ಪ ಮಾಡಿಕೊಂಡು ಬಿಚ್ಚಿದ. ದೇವರನ್ನು ನೋಡಿ, "ಇಂಥದ್ದು ಎಲ್ಲಾದ್ರೂ ಸಿಗುತ್ತಾ? ಕೊಂಡ್ಕೊಳ್ಳೋರು ಇದ್ದಾರೆ" ಎಂದಿದ್ದ. ಬೆಳ್ತಂಗಡಿಗೆ ಹೋಗುತ್ತೇನೆ ಎಂದೂ ಹೇಳಿದ್ದ. ಸರಸ ಶುಕ್ರವಾರ ಬೆಳಗಿನ ಮೊದಲ ಬಸ್ಸು ಹಿಡಿದಳು. ಸಿಕ್ಕಿದರೆ ಅವನ ಅಂಗಿಯ ಕಾಲರು ಹಿಡಿದು ಎಳೆದುಕೊಂಡು ಬರುವುದೆಂದು ನಿಶ್ಚಯಿಸಿದ್ದಳು.

ಶಿರ್ತಾಡಿಯ ಹತ್ತಿರ ಕಂಡಕ್ಟರನನ್ನು ಕೇಳಿದಳು. "ನಿನ್ನೆ ಹನ್ನೊಂದರ ಬಸ್ಸಿನಲ್ಲಿ ಕ್ಯಾಮೆರಾ ನೇತುಹಾಕಿಕೊಂಡವ ಒಬ್ಬ ಇದ್ದನಾ?"

"ಅಯ್ಯೋ, ಆ ಮಾರಾಯನಾ? ಇದೇ ಬಸ್ಸು. ಇಲ್ಲೇ ಟಯರು ಹೋಯ್ತು. ಮೂರು ಗಂಟೆಯವರೆಗೆ ನಮ್ಮನ್ನೆಲ್ಲ ಬೈದುಕೊಂಡು ಆ ಹೋಟೆಲಿನ ಬೆಂಚಲ್ಲಿ ಕೂತಿದ್ದ. ಐದು ಚಾ ಕುಡಿದ."

ಆಗಲೇ ಸರಸಳಿಗೆ ಅರ್ಧ ಜೀವ ಹೋಯಿತು. ಆದರೂ ಇಳಿಯಲಿಲ್ಲ. ಬೆಳ್ತಂಗಡಿಯ ಪ್ರವಾಸಿ ಬಂಗಲೆಯಲ್ಲಿ ಆತ ಮುಂಡಾಜೆಯ ಮೂಲಕ ಘಾಟಿ ಹತ್ತಲು ಪೆಟ್ಟಿಗೆ ಕಟ್ಟುತ್ತಿದ್ದ. ವಿಷಯ ಕೇಳಿ ಕೆರಳಿದ. ಇಡೀ ಪೆಟ್ಟಿಗೆಯನ್ನು ಹಾಸಿಗೆಯ ಮೇಲೆ ಸುರಿದ.

"ನೋಡ್ಕೊಳ್ಳಿ! ದೇವರು ಇದ್ಯಾ? ಇಲ್ಲ ತಾನೇ? ನಾನು ಕೇಳಿದ್ದು ನಿಜ. ಕೇಳೋದು ತಪ್ಪಾ? ನಿಮ್ಮೂರಲ್ಲಿ ಮುಟ್ಟೋದಿರಲಿ, ಹತ್ತಿರ ಹೋಗೋಕೂ ಆಗಲ್ಲ. ಹೂವಿನ ತಟ್ಟೆಗೆ ನನ್ನ ಬೆರಳು ತಾಗಿದ್ದಕ್ಕೆ ಆ ಪೂಜಾರಿ ಏನಂದ್ರು ಗೊತ್ತಾ? ಇನ್ನು ದೇವರನ್ನು ಮುಟ್ಟಬೇಕಾದ್ರೆ ಮತ್ತೆ ಸ್ನಾನ ಮಾಡ್ಬೇಕು ಅಂದ್ರು. ಕದಿಯೋನು ಸ್ನಾನ ಮಾಡ್ಕೊಂಡು ಬಂದು ಕದೀತಾನಾ?"

ಸರಸ ಹೊರಡಲು ತಿರುಗಿದವಳು ಅಲ್ಲೇ ಕುಳಿತಳು.

"ಏನಂದ್ರಿ?"

"ಸ್ನಾನ ಮಾಡ್ಕೊಂಡು ಬಂದು..."

ಹಗ್ಗ ಒದ್ದೆ ಇತ್ತು. ಕಟ್ಟೆಯ ಕಲ್ಲು ಒದ್ದೆ ಇತ್ತು. ಏಪ್ರಿಲ್ ತಿಂಗಳ ಬಿಸಿಲಿನಲ್ಲಿ, ಮಧ್ಯಾಹ್ನ ಮೂರಕ್ಕೆ.

"ನಿಮ್ಮ ಬಾಯಿಗೆ ಸಕ್ಕರೆ ಹಾಕಬೇಕು," ಎಂದವಳೇ ಸರಸ ಬಸ್ಸಿಗೆ ಓಡಿದಳು. ಆತ ಹರಡಿದ ಬಟ್ಟೆಗಳ ನಡುವೆ ಬಾಯಿ ಬಿಟ್ಟು ನಿಂತಿದ್ದ.

* * *

ಇಂದ್ರರು ಜಗಲಿಯಲ್ಲಿ ತಲೆ ತಗ್ಗಿಸಿ ಕುಳಿತಿದ್ದರು. ಹಿಂದಿನ ದಿನದಿಂದ ಊಟ ಬಿಟ್ಟಿದ್ದರು.

"ಗುರುವಾರ ಆ ಬಾವಿಯಿಂದ ನೀರು ಸೇದಿದ್ದು ಯಾರು ಇಂದ್ರರೇ?"

"ನಾನೇ. ಬೆಳಿಗ್ಗೆ ಆರಕ್ಕೆ ಅಭಿಷೇಕಕ್ಕೆ. ಆಮೇಲೆ ಆ ಅಜ್ಜಿಗೆ ಅಂತ ಸೇದಿದ್ದು."

"ನಡುವೆ?"

"ಅದು ದೇವರ ಬಾವಿ. ಬೇರೆ ಯಾರೂ ಮುಟ್ಟುವುದಿಲ್ಲ."

"ನಿಮ್ಮ ಮಡಿ ಪಂಚೆ ಎಲ್ಲಿ ಒಣಗಿಸ್ತೀರಿ?"

"ಬಸದಿಯ ಹಿಂದಿನ ಜಗಲಿಯಲ್ಲಿ, ಕಟ್ಟಿದ ಹಗ್ಗದ ಮೇಲೆ." ಇಂದ್ರರು ತಲೆಯೆತ್ತಿದರು. "ಅದೊಂದು ಆಶ್ಚರ್ಯ ನೋಡಿ. ಹತ್ತು ಗಂಟೆಗೆ ಗರಿಗರಿ ಒಣಗಿತ್ತು. ಮೂರಕ್ಕೆ ಒದ್ದೆ. ನನಗೇ ಮರೆವು ಬಂತೋ ಅಂದುಕೊಂಡೆ."

"ನಿಮಗೆ ಮರೆವು ಬರಲಿಲ್ಲ. ದಾಸವಾಳವನ್ನು ನಿರ್ಮಾಲ್ಯದ ಬುಟ್ಟಿಗೆ ಹಾಕಿದ್ದು ನೀವಾ?"

"ಇಲ್ಲ. ಸಂಜೆ ತೆಗೆಯುವುದು ಅದು."

ಇಂದ್ರರ ಮುಖ ಬಿಳಿಚುತ್ತ ಬಂತು.

"ಸೋಮವಾರ ಧಾರವಾಡದ ವಿದ್ವಾಂಸರು ಬರುವ ವಿಷಯ ನೀವು ಯಾರಿಗಾದ್ರೂ ಹೇಳಿದ್ದೀರಾ?" ಸರಸ ಕೇಳಿದಳು.

"ಇಲ್ಲಮ್ಮ. ನೀವು ನನಗೆ ಹೇಳಿದ್ದು, ಮೊಕ್ತೇಸರರ ಒಪ್ಪಿಗೆ ಕೇಳಿದ್ದು, ಅಷ್ಟೇ."

ವಿಷಯ ಇಷ್ಟು. ಆ ಮೂರ್ತಿಯ ಕಾಲಡಿಯ ಪೀಠ ಕಂಚಿನದೇ, ಮೂರ್ತಿಗೆ ಕೂಡಿಕೊಂಡೇ ಎರಕ ಹೊಯ್ದದ್ದು. ಅದರಲ್ಲಿ ಮೂರು ಸಾಲು ಹಳೆಯ ಬರಹ. ಬಸದಿ ಕಟ್ಟಿಸಿದ್ದು ತಮ್ಮ ಹಿರಿಯರು ಎಂದು ಪುಷ್ಪರಾಜರ ಅಜ್ಜ ಬಾಗಿಲ ಮೇಲೆ ಅಮೃತಶಿಲೆಯ ಹಲಗೆ ಹಾಕಿಸಿದ್ದರು. ಮೊಕ್ತೇಸರಿಕೆ ಆ ಮನೆಗೆ ಬಂದದ್ದೂ ಆ ಹಲಗೆಯ ಬಲದಿಂದ. ಆದರೆ ಶೇಖರ ಮಾಸ್ಟ್ರು ದೀಪ ಹಿಡಿದು ಓದಿದ ಮೊದಲ ಸಾಲಿನಲ್ಲಿ ಇದ್ದದ್ದು ಬೇರೆ. ಎಣ್ಣೆಗಾಣ ನಡೆಸುತ್ತಿದ್ದ ಬೊಮ್ಮಕ್ಕ ಎಂಬ ಹೆಂಗಸು ಈ ದೇವರನ್ನೂ ಈ ಬಸದಿಯನ್ನೂ ಮಾಡಿಸಿದಳು ಎಂದು. ಸರಸ ಪ್ರತಿ ಸುತ್ತಿನಲ್ಲೂ ಅದನ್ನು ಹೇಳುತ್ತಿದ್ದಳು. ಅವಳ ಬಾಯಿಮಾತನ್ನು ಹೆಂಗಸಿನ ಹರಟೆ ಎಂದು ತಳ್ಳಿಹಾಕಬಹುದಿತ್ತು. ಸೋಮವಾರ ವಿದ್ವಾಂಸರು ಬಂದು ಆ ಬರಹದ ಅಚ್ಚು ತೆಗೆದು ಪುಸ್ತಕದಲ್ಲಿ ಹಾಕಿದರೆ ತಳ್ಳಿಹಾಕುವಂತಿರಲಿಲ್ಲ.

* * *

ಶನಿವಾರ ಬೆಳಿಗ್ಗೆ ಹತ್ತಕ್ಕೆ ಸರಸ ತುಕ್ರಪ್ಪನನ್ನೂ ಇಂದ್ರರನ್ನೂ ಕರೆದುಕೊಂಡು ಪುಷ್ಪರಾಜರ ಮನೆಯ ಚಾವಡಿಗೆ ಬಂದಳು. ತುಕ್ರಪ್ಪ ಬರಲು ಒಪ್ಪಿದ್ದು ಸುಮ್ಮನೆ ಅಲ್ಲ. ಮುಂದಿನ ವಾರ ಮಂಗಳೂರಿನಿಂದ ದೊಡ್ಡ ಪೊಲೀಸ್ ಅಧಿಕಾರಿಯೊಬ್ಬರ ಮನೆಯವರು ಸುತ್ತಿಗೆ ಬರುವವರಿದ್ದಾರೆಂದು ಸರಸ ಹೇಳಿದ್ದಳು. ಅವರಿಗೆ ಲಾಕಪ್ಪಿನ ಕಥೆಯನ್ನೂ ಹೇಳುವುದಾಗಿ ಸೇರಿಸಿದ್ದಳು.

ಪುಷ್ಪರಾಜರು ಎದ್ದು ಬಂದು ಮಣೆ ಹಾಕಿಸಿದರು. ಹೆಂಡತಿ ಕಮಲಾವತಿ ಬೆಲ್ಲ, ನೀರು ತಂದಿಟ್ಟರು. ಸರಸ ಮುಟ್ಟಲಿಲ್ಲ, ಕೂರಲೂ ಇಲ್ಲ.

"ದಫೇದಾರ್ರೇ, ಕಳ್ಳ ಬೆಳ್ಳಿಯ ಮುಕ್ಕೊಡೆ ಬಿಟ್ಟ. ಮಾರಲಿಕ್ಕೆ ಕದ್ದವ ಬೆಳ್ಳಿ ಬಿಡ್ತಾನಾ?"

"ಅವಸರ ಇರಬಹುದು," ಎಂದ ತುಕ್ರಪ್ಪ.

"ಅವಸರ ಇದ್ದವ ಬಾವಿಯಿಂದ ನೀರು ಸೇದಿ ಸ್ನಾನ ಮಾಡ್ತಾನಾ? ಇಂದ್ರರ ಮಡಿ ಪಂಚೆ ಉಟ್ಟುಕೊಂಡು ಒಳಗೆ ಹೋಗ್ತಾನಾ? ಮೈಯ ನೀರು ರಂಗೋಲಿಯ ಮೇಲೆ ತೊಟ್ಟಿಕ್ಕಿದೆ. ಆದ್ರೆ ರಂಗೋಲಿ ತುಳಿದಿಲ್ಲ, ಬಳಸಿಕೊಂಡು ಹೋಗಿದ್ದಾನೆ. ದೇವರ ತಲೆಯ ಹೂ ತೆಗೆದು ನೆಲಕ್ಕೆ ಬಿಸಾಡದೆ ನಿರ್ಮಾಲ್ಯದ ಬುಟ್ಟಿಗೆ ಹಾಕಿದ್ದಾನೆ. ಆಮೇಲೆ ಪಂಚೆಯನ್ನು ತೆಗೆದ ಜಾಗದಲ್ಲೇ ಹರವಿ ಹೋಗಿದ್ದಾನೆ. ರವೂಫನಿಗೆ ಈ ಮಡಿ ಗೊತ್ತುಂಟಾ? ಬೆಂಗಳೂರಿನವನಿಗೆ ಗೊತ್ತುಂಟಾ? ನನಗೇ ಅರ್ಧ ಗೊತ್ತಿಲ್ಲ."

ಪುಷ್ಪರಾಜರು ನಕ್ಕರು. "ಬಿದಿರೆಯಲ್ಲಿ ಮಡಿ ಗೊತ್ತಿರುವವರು ಸಾವಿರ ಜನ ಇದ್ದಾರೆ ಸರಸಕ್ಕ."

"ಸಾವಿರ ಜನರಿಗೆ ಧಾರವಾಡದವರು ಬರುವುದು ಗೊತ್ತಿರಲಿಲ್ಲ. ಮೂರೇ ಜನರಿಗೆ ಗೊತ್ತಿದ್ದದ್ದು. ಇಂದ್ರರು ಅಲಂಗಾರಿನಲ್ಲಿದ್ದರು. ನಾನು ಪೇಟೆಯಲ್ಲಿ ಜನರ ಜೊತೆಗಿದ್ದೆ. ನೀವು?"

"ನನ್ನ ಮನೆಯಲ್ಲಿದ್ದೆ. ಹೊರಗೆ ಕಾರಲ್ಲಿ ಒಬ್ಬ ಬಿದ್ದುಕೊಂಡಿದ್ದನಲ್ಲ, ಅವನನ್ನು ಕೇಳಿ."

"ಅವ ಮುಂದಿನ ಬಾಗಿಲ ಹತ್ತಿರ ನಿದ್ದೆಯಲ್ಲಿದ್ದ. ನೀವು ಹಿಂದಿನ ಗದ್ದೆಯ ಹುಣಿಯ ಮೇಲೆ ನಡೆದು ಬಂದು, ಅದೇ ದಾರಿಯಲ್ಲಿ ಹೋದಿರಿ." ಸರಸಳ ಧ್ವನಿ ಏರಿತು. "ಹೋಗ್ಲಿ, ರವೂಫನೇ ಕದ್ದ ಅಂತ ಇಟ್ಟುಕೊಳ್ಳುವ. ಹಾಗಾದ್ರೆ ಇವತ್ತಿಗೆ ಎರಡು ದಿನ ಆಯ್ತು. ಏಳು ಹೆಡೆಯ ಸ್ವಾಮಿ ಎಲ್ಲೋ ಟಯರಿನ ಅಡಿಯಲ್ಲಿ, ಎಣ್ಣೆ ಚಿಂದಿಯಲ್ಲಿ ಬಿದ್ದಿದ್ದಾನೆ. ಚರ್ಮ ತಾಗಿದೆ. ಒಂದು ತೊಟ್ಟು ನೀರಿಲ್ಲ, ಹೂವಿಲ್ಲ. ಐನೂರು ವರ್ಷದಲ್ಲಿ ಒಂದು ದಿನ ತಪ್ಪದ ಅಭಿಷೇಕ ನಿಮ್ಮ ಮೊಕ್ತೇಸರಿಕೆಯಲ್ಲಿ ತಪ್ಪಿತು. ನಿಮ್ಮ ಅಜ್ಜನ ಹಲಗೆಯ ಕೆಳಗೆ ಅದನ್ನೂ ಕೆತ್ತಿಸಿ ಪುಷ್ಪರಾಜರೇ. ಇವರ ಕಾಲದಲ್ಲಿ ದೇವರು ಉಪವಾಸ ಬಿದ್ದ ಅಂತ."

"ಬಾಯಿ ಮುಚ್ಚು!" ಪುಷ್ಪರಾಜರು ಎದ್ದು ನಿಂತರು. ಕತ್ತಿನ ನರ ಉಬ್ಬಿತ್ತು. "ಅಭಿಷೇಕ ತಪ್ಪಲಿಲ್ಲ! ಒಂದು ಹೊತ್ತೂ ತಪ್ಪಲಿಲ್ಲ!"

ತುಕ್ರಪ್ಪ ಮಣೆಯಿಂದ ಎದ್ದ.

"ನಿಮಗೆ ಹೇಗೆ ಗೊತ್ತು?" ತುಕ್ರಪ್ಪ ಕೇಳಿದ. ಮೊದಲ ಬಾರಿಗೆ ಅವನ ಧ್ವನಿಯಲ್ಲಿ ಪೊಲೀಸಿನವನಿದ್ದ.

ಉತ್ತರ ಬಂದದ್ದು ಒಳಬಾಗಿಲಿನಿಂದ. ಕಮಲಾವತಿ ಸೆರಗಿನ ಗಂಟು ಬಿಚ್ಚಿ ಒಂದು ಬೀಗದ ಕೈ ತೆಗೆದು ಇಂದ್ರರ ಎದುರು ಇಟ್ಟರು.

"ಉಪ್ಪರಿಗೆಯ ಕೋಣೆಯದ್ದು. ಕಳ್ಳರ ಭಯ ಉಂಟು, ಜೋಪಾನಕ್ಕೆ ತಂದೆ ಅಂತ ನನಗೆ ಹೇಳಿದ್ರು. ಮೇಲೆ ಹಾಲು, ಹೂ ಕೊಟ್ಟವಳು ನಾನೇ. ಒಬ್ಬನನ್ನು ಹಿಡಿದು ಹೊಡೀತಾರೆ ಅಂತ ಇವತ್ತು ಬೆಳಿಗ್ಗೆ ಕೆಲಸದವಳು ಹೇಳಿದ ಮೇಲೆ ಗೊತ್ತಾದದ್ದು. ಹೇಳಿಬಿಡಿ ಅಂತ ಕಾಲು ಹಿಡಿದೆ. ಕೇಳಲಿಲ್ಲ."

ಇಂದ್ರರು ಅಲ್ಲೇ ಬಾವಿಗೆ ಹೋಗಿ ಮಿಂದು, ಒದ್ದೆಯಲ್ಲೇ ಉಪ್ಪರಿಗೆ ಹತ್ತಿದರು. ಇಳಿದು ಬಂದಾಗ ಎದೆಗೆ ಒತ್ತಿ ಹಿಡಿದ ಮೂರ್ತಿಯ ಮೇಲೆ ಆ ದಿನದ ಹೂ ಬಾಡದೆ ಇತ್ತು. ಪೀಠದ ಮೂರು ಸಾಲು ಮಾತ್ರ ಹೊಸ ಅರದ ಗೀರುಗಳಿಂದ ಬೆಳ್ಳಗಾಗಿತ್ತು. ಮೊದಲ ಸಾಲಿನ ಅರ್ಧ ಹೋಗಿತ್ತು.

"ಸ್ನಾನ ಮಾಡಿ, ಮಡಿಯುಟ್ಟು, ಅರ ಹಿಡಿದಿರಾ?" ಸರಸ ಕೇಳಿದಳು. ಅವಳಿಗೆ ಸಿಟ್ಟಿಗೆ ಕಣ್ಣಲ್ಲಿ ನೀರು ಬಂತು. "ದೇವರಿಗೆ ಮೈಲಿಗೆ ಆಗಬಾರದು. ಮನುಷ್ಯನ ಹಲ್ಲು ಮುರಿದರೆ ಪರವಾಗಿಲ್ಲ. ಅಲ್ವಾ?"

* * *

"ದೇವರು ಸಿಕ್ಕಿದ್ರಲ್ಲ ಅಕ್ಕ," ತುಕ್ರಪ್ಪ ದಾರಿಯಲ್ಲಿ ಗೊಣಗಿದ. "ದೊಡ್ಡ ಮನೆಯ ವಿಷಯ. ರವೂಫನನ್ನು ಹಿಂದಿನ ಬಾಗಿಲಿಂದ ಮನೆಗೆ ಕಳಿಸುವ. ಉಳಿದದ್ದು ಕಾಗದದಲ್ಲಿ ನೋಡಿಕೊಳ್ಳುವ."

"ಹಿಂದಿನ ಬಾಗಿಲಿಂದ ತಂದದ್ದಾ ಅವನನ್ನು?"

ತುಕ್ರಪ್ಪ ಟೊಪ್ಪಿ ಸರಿಮಾಡಿಕೊಂಡ.

"ಕೋಳ ಹಾಕಿ ಪೇಟೆಯ ನಡುವೆ ತಂದಿರಿ. ಬಿಡುವಾಗಲೂ ಪೇಟೆಯ ನಡುವೆಯೇ. ಅದೇ ದಾರಿ. ಮುಂದೆ ನಾನು. ಹಿಂದೆ ರವೂಫ್, ನೀವು, ಮೊಕ್ತೇಸರರು. ಇಲ್ಲದಿದ್ರೆ ನಾಳೆಯಿಂದ ಪ್ರತಿ ಸುತ್ತಿನಲ್ಲಿ ನಿಮ್ಮ ಹೆಸರು ಹೇಳ್ತೇನೆ. ನಾನು ಬದುಕಿರುವವರೆಗೆ."

ಲಾಕಪ್ಪಿನಿಂದ ಹೊರಗೆ ಬಂದ ರವೂಫನ ಒಂದು ಕಣ್ಣು ಮುಚ್ಚಿಹೋಗಿತ್ತು. ತುಟಿ ಒಡೆದಿತ್ತು. ಪುಷ್ಪರಾಜರ ಬಿಳಿ ಅಂಗಿಯಲ್ಲಿ ಒಂದು ನೆರಿಗೆಯೂ ಇರಲಿಲ್ಲ.

ಸರಸ ಕೊಡೆ ಬಿಡಿಸಿ ನಡೆದಳು. ಕ್ಷೌರದಂಗಡಿಯ ಎದುರು ನಿಂತಳು. ಪರವೂರಿನವರಿಗೆ ಹೇಳುವ ಅದೇ ಗಟ್ಟಿ, ಸ್ಪಷ್ಟ ಧ್ವನಿ.

"ಇಲ್ಲಿ, ಗುರುವಾರ ಸಂಜೆ ಐದು ಗಂಟೆಗೆ, ನಿರಪರಾಧಿಯೊಬ್ಬನ ಮುಖಕ್ಕೆ ಉಗುಳಿದರು. ಉಗುಳಿದವರು ಈಗಲೂ ಇಲ್ಲೇ ಇರಬಹುದು. ಕಳ್ಳ ಇವರು, ಸಂಪಿಗೆ ಬಸದಿಯ ಮೊಕ್ತೇಸರರು. ಚೆನ್ನಾಗಿ ನೋಡಿಕೊಳ್ಳಿ."

ಅರ್ಧ ಗಡ್ಡ ಹೆರೆಸಿಕೊಂಡವನೊಬ್ಬ ಕುರ್ಚಿಯಿಂದ ಎದ್ದು ಒಳಗೆ ಸರಿದ. ಜನ ಸೇರತೊಡಗಿದರು. ಬಟ್ಟೆಯಂಗಡಿಯ ಎದುರು ಇನ್ನೊಮ್ಮೆ ನಿಂತಳು, ಇನ್ನೊಮ್ಮೆ ಹೇಳಿದಳು. ಪುಷ್ಪರಾಜರ ನಡಿಗೆ ನಿಧಾನವಾಯಿತು. ತುಕ್ರಪ್ಪ ಬೆನ್ನಿಗೆ ಕೈ ಹಚ್ಚಿ ಮುಂದೆ ನೂಕಿದ.

"ಸಾಕು ಸರಸಕ್ಕ," ರವೂಫ್ ಮೆಲ್ಲಗೆ ಹೇಳಿದ. "ನನಗೆ ನಾಚಿಕೆ ಆಗ್ತದೆ."

"ನಿನಗೆ ಯಾಕೆ? ನಡಿ. ಇನ್ನೊಂದು ಜಾಗ ಉಂಟು."

ಬಸ್ ಸ್ಟ್ಯಾಂಡಿನಲ್ಲಿ ಐಸಮ್ಮ ನಿಂತಿದ್ದಳು. ಮಗನ ಮುಖ ನೋಡಿದಳು, ಮುಚ್ಚಿದ ಕಣ್ಣಿನ ಮೇಲೆ ಅಂಗೈ ಇಟ್ಟಳು. ಆಮೇಲೆ ಮೊಕ್ತೇಸರರ ಕಡೆ ತಿರುಗಿದಳು.

"ಹೇಳಿ," ಎಂದಳು ಸರಸ.

ಪುಷ್ಪರಾಜರು ನೆಲ ನೋಡುತ್ತ ತುಟಿ ಅಲ್ಲಾಡಿಸಿದರು. "ಇವನು ಕದ್ದದ್ದಲ್ಲ. ನಾನು."

"ನನಗೆ ಕೇಳಲಿಲ್ಲ," ಎಂದಳು ಐಸಮ್ಮ. "ಇನ್ನೊಮ್ಮೆ ಹೇಳಿ."

ಪುಷ್ಪರಾಜರು ತಲೆಯೆತ್ತಿ ಇನ್ನೊಮ್ಮೆ ಹೇಳಿದರು. ಹೊರಡಲು ನಿಂತಿದ್ದ ಬೆಳ್ತಂಗಡಿ ಬಸ್ಸಿನ ಒಳಗೆ ಕೂತವರಿಗೂ ಅದು ಕೇಳಿಸಿತು.